ಡಾರ್ಕಸಳ ಸರದಿ

ಸಿಂಗಲ್ಟನ್ ಮನೆತನದ ಕೂಟದಲ್ಲಿ ಏಡಿ ತಿನ್ನಬೇಕಾದರೆ ಸ್ಯಾಮ್ಸನ್‌ನ ವಂಶದಲ್ಲಿ ಹುಟ್ಟಿರಬೇಕಿತ್ತು. ಹೆಚ್ಚೆಂದರೆ ಜೂನೋಳ ವಂಶದಲ್ಲಿ. ಕಫೀ ಕಡೆಯವರಿಗೆ ಏಡಿಯ ಕಾಲುಗಳು ಸಿಗುತ್ತಿದ್ದವು, ಬೆಲ್ಲಾಳ ಕಡೆಯವರಿಗೆ ಸಿಗಡಿ, ಐಸಾಕನ ಕಡೆಯವರಿಗೆ ಸಿಗಡಿ ಬೇಯಿಸಿದ ಹಂಡೆಯ ತಳದ ಜೋಳದ ತುಂಡು. ಆರನೆಯವಳಾದ ಡಾರ್ಕಸಳ ಕಡೆಯವರು ತಟ್ಟೆ ಹಿಡಿದು ಬರುವ ಹೊತ್ತಿಗೆ ಮೇಜಿನ ಮೇಲೆ ಉಳಿದಿರುತ್ತಿದ್ದುದು ಒಂದೇ, ಕ್ಲಿಯೋಥಾ ಅತ್ತಿಗೆಯ ಆಲೂಗಡ್ಡೆ ಸಲಾಡ್. ಆಕೆ ಅದಕ್ಕೆ ಸೇಬಿನ ಚೂರು ಹಾಕುತ್ತಿದ್ದಳು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಇದು ಯಾರೋ ನಿನ್ನೆ ಮೊನ್ನೆ ಮಾಡಿದ ಕಟ್ಟಳೆಯಲ್ಲ. ಟಾಬಿ ದ್ವೀಪದ ಸಿಂಗಲ್ಟನ್ನರೆಲ್ಲ ಹೇಗರ್ ಎಂಬ ಒಬ್ಬಳೇ ತಾಯಿಯ ಸಂತಾನ. ಹತ್ತಿಯ ತೋಟದಲ್ಲಿ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಕಂಡು, ಅದೇ ದ್ವೀಪದಲ್ಲಿ ಸ್ವಂತ ಗುಡಿಸಲು ಕಟ್ಟಿಕೊಂಡು ಸತ್ತವಳು. ಅವಳಿಗೆ ಆರು ಮಕ್ಕಳು. ಮನೆತನದ ಕೂಸುಗಳು ಮಾತು ಕಲಿಯುವ ಮೊದಲೇ ಚಪ್ಪಾಳೆ ತಟ್ಟಿ ಎಣಿಸುವುದನ್ನು ಕಲಿಯುತ್ತಿದ್ದವು: ಒಂದು ಸ್ಯಾಮ್ಸನ್, ಎರಡು ಜೂನೋ, ಮೂರು ಕಫೀ, ನಾಲ್ಕು ಬೆಲ್ಲಾ, ಐದು ಐಸಾಕ್, ಆರು ಡಾರ್ಕಸ್. ಆರು ಕವಲಿಗೆ ಆರು ಬಣ್ಣದ ಅಂಗಿ. ಹಿರಿಯ ಮಗನ ಕಡೆಯವರು ನೀಲಿ ಅಂಗಿ ತೊಟ್ಟು ಸಾಲಿನ ಮುಂದೆ, ಕಿರಿಯ ಮಗಳ ಕಡೆಯವರು ಹಳದಿ ತೊಟ್ಟು ಸಾಲಿನ ಬಾಲದಲ್ಲಿ. ಮಳೆ ಬರಲಿ, ಬಿಸಿಲು ಬರಲಿ, ಜುಲೈ ತಿಂಗಳ ಎರಡನೆಯ ಶನಿವಾರ ಇದು ಹೀಗೇ.

ಹಳದಿ ಕಡೆಯವರೂ ದಡ್ಡರೇನಲ್ಲ. ಅವರು ಉಳಿದಿದ್ದುದೇ ಏಳು ಜನ. ಸೇತುವೆ ದಾಟುವ ಮೊದಲು ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ವ್ಯಾನು ನಿಲ್ಲಿಸಿ, ಹುರಿದ ಕೋಳಿಯನ್ನು ಹೊಟ್ಟೆ ತುಂಬ ತಿಂದು, ಬೆರಳು ಒರೆಸಿಕೊಂಡು, ಆಮೇಲೆ ಕೂಟಕ್ಕೆ ಬರುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಈ ಗುಟ್ಟು ಏಳು ಜನರ ಹೊಟ್ಟೆಯೊಳಗೇ ಇತ್ತು.

ಆ ಏಳು ಜನರಲ್ಲಿ ಆರ್ಲೀಥಾ ಒಬ್ಬಳು. ವಯಸ್ಸು ಅರವತ್ಮೂರು. ಇಪ್ಪತ್ತೆಂಟು ವರ್ಷ ಡ್ರೈಕ್ಲೀನಿಂಗ್ ಅಂಗಡಿಯ ಗಲ್ಲೆಯ ಹಿಂದೆ ನಿಂತು ಚೀಟಿಗೂ ಕೋಟಿಗೂ ಜೋಡಿ ಹಾಕಿದವಳು. ಒಬ್ಬರ ಕೋಟನ್ನು ಇನ್ನೊಬ್ಬರಿಗೆ ಒಮ್ಮೆಯೂ ಕೊಟ್ಟವಳಲ್ಲ. ಆದರೂ ರಾತ್ರಿ ಮಲಗುವ ಮುಂಚೆ ಕೊಟ್ಟಿದ್ದೇನೋ ಎಂದು ಹೆದರುತ್ತಿದ್ದವಳು. ಮನೆತನದ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಒಡೆಸ್ಸಾ ಅಕ್ಕ ತೀರಿಕೊಂಡಾಗ ಬಿಸ್ಕತ್ತಿನ ಡಬ್ಬಿಯೊಂದು ಆರ್ಲೀಥಾಳ ಪಾಲಿಗೆ ಬಂತು. ಅದರ ತುಂಬ ಹಳೆಯ ಶವಸಂಸ್ಕಾರಗಳಲ್ಲಿ ಹಂಚಿದ ಪುಸ್ತಿಕೆಗಳು: ಸತ್ತವರ ಫೋಟೋ, ಹುಟ್ಟಿದ ದಿನ, ಬಿಟ್ಟುಹೋದವರ ಹೆಸರು. ಉಳಿದವರೆಲ್ಲ ಬೇಡವೆಂದದ್ದಕ್ಕೆ ಅದು ಅವಳಿಗೆ ಬಂದದ್ದು. ಆದರೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ತಂದಳು. ಮಾರನೆಯ ವಾರವೇ ಪಟ್ಟಣದ ಗ್ರಂಥಾಲಯದಲ್ಲಿ ಬುಧವಾರ ಸಂಜೆ ನಡೆಯುವ, ಹಳೆಯ ಕಾಗದಗಳಿಂದ ಮನೆತನದ ಮೂಲ ಹುಡುಕಲು ಕಲಿಸುವ ತರಗತಿಗೆ ಸೇರಿಕೊಂಡಳು. ಅಲ್ಲಿನ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: "ಒಂದು ಕಾಗದ ನೋಡಿ ನಂಬಬೇಡಿ. ಮೂರು ಕಾಗದ ಒಂದೇ ಮಾತು ಹೇಳೋವರೆಗೆ ಬಾಯಿ ಬಿಡಬೇಡಿ." ಆರ್ಲೀಥಾ ಅದನ್ನು ಬರೆದುಕೊಂಡು ಎರಡು ಸಲ ಅಡಿಗೆರೆ ಎಳೆದಳು.

ಮೊದಲನೆಯ ಕಾಗದ ಸಿಕ್ಕಿದ್ದು ಫೆಬ್ರವರಿಯಲ್ಲಿ. ತೋಟದ ಯಜಮಾನ ಸತ್ತ ವರ್ಷ, ಸಾವಿರದ ಎಂಟುನೂರ ನಲವತ್ತೊಂದರಲ್ಲಿ, ಅವನ ಆಸ್ತಿಯ ಪಟ್ಟಿ ಮಾಡಿದ್ದರು. ಎರಡು ಹೇಸರಗತ್ತೆ, ಒಂದು ತಾಮ್ರದ ಹಂಡೆ, ಅದರ ಕೆಳಗೆ ಹೇಗರ್. ಹೆಸರಿನ ಮುಂದೆ ಬೆಲೆಯ ಕಾಲಂ. ಆ ಕಾಲಮ್ಮಿನ ಮೇಲೆ ಆರ್ಲೀಥಾ ಒಂದು ಬಿಳಿ ಕಾಗದದ ಪಟ್ಟಿ ಇಟ್ಟು, ಅದು ಜಾರದಂತೆ ಹೆಬ್ಬೆರಳಿನಿಂದ ಒತ್ತಿಹಿಡಿದು ಓದಿದಳು. "ಹೇಗರ್, ಮತ್ತು ಅವಳ ಮಗು ಡಾರ್ಕಸ್." ಅಷ್ಟೇ. ಬೇರೆ ಮಕ್ಕಳಿಲ್ಲ.

ಸ್ಯಾಮ್ಸನ್ ಎಲ್ಲಿ? ಆರನೆಯವಳು ಮೊದಲೇ ಹುಟ್ಟಿ ಕೂತಿದ್ದಾಳಲ್ಲ? ಬೇರೆ ಯಾರೋ ಹೇಗರ್ ಇರಬೇಕು, ಬೇರೆ ಯಾರೋ ಡಾರ್ಕಸ್ ಇರಬೇಕು ಎಂದುಕೊಂಡಳು. ಅದನ್ನು ಸಾಬೀತು ಮಾಡಲು ಮತ್ತೆರಡು ತಿಂಗಳು ಹುಡುಕಿದಳು. ತಾನು ತಪ್ಪೆಂದು ತೋರಿಸಿಕೊಳ್ಳಲು ಅಷ್ಟು ಬೆವರು ಸುರಿಸಿದವರು ಆ ಗ್ರಂಥಾಲಯದಲ್ಲಿ ಬೇರೆ ಯಾರೂ ಇರಲಿಲ್ಲ.

ಎರಡನೆಯದು ಸಾವಿರದ ಎಂಟುನೂರ ನಲವತ್ತೊಂಬತ್ತರ ಮಾರಾಟ ಪತ್ರ. "ಡಾರ್ಕಸ್ ಎಂಬ ಹುಡುಗಿ, ವಯಸ್ಸು ಸುಮಾರು ಒಂಬತ್ತು." ಕೊಂಡವನು ಜಾರ್ಜಿಯಾದ ಒಳನಾಡಿನವನು. ಆ ದಿನ ಆರ್ಲೀಥಾ ಬೇಗನೆ ಮನೆಗೆ ಬಂದಳು. ಒಲೆ ಹಚ್ಚಲಿಲ್ಲ.

ಮೂರನೆಯದು ಏಪ್ರಿಲ್ ಕೊನೆಗೆ ಸಿಕ್ಕಿತು. ಬಿಡುಗಡೆಯಾದವರಿಗೆಂದು ತೆರೆದಿದ್ದ ಬ್ಯಾಂಕಿನ ಸಾವಿರದ ಎಂಟುನೂರ ಎಪ್ಪತ್ತರ ಪುಸ್ತಕ, ಗುಲಾಮಗಿರಿ ಮುಗಿದು ಆಗ ಐದು ವರ್ಷ. ಅಲ್ಲಿ ಹೊಸದಾಗಿ ಸೇರುವವರ ಗುರುತಿಗೆ ಅವರ ತಾಯಿತಂದೆ, ಒಡಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಗುಮಾಸ್ತ ಯಾರೋ ತಾಳ್ಮೆಯವನು. ಡಾರ್ಕಸ್ ಹೇಳಿದ್ದನ್ನೆಲ್ಲ ಬರೆದಿದ್ದ. "ವಯಸ್ಸು ಮೂವತ್ತು. ಹುಟ್ಟಿದ್ದು ಟಾಬಿ ದ್ವೀಪ. ತಾಯಿ ಹೇಗರ್ ಬದುಕಿದ್ದಾಳೆ. ತಮ್ಮಂದಿರು, ತಂಗಿಯರು ಐವರು, ಎಲ್ಲರೂ ನನಗಿಂತ ಚಿಕ್ಕವರು, ಎಲ್ಲರನ್ನೂ ಬೇರೆ ಬೇರೆ ಕಡೆ ಕಳಿಸಿದ್ದರು. ಬಿಡುಗಡೆಯಾದ ಮೇಲೆ ತಾಯಿಯ ಅಂಗಳಕ್ಕೆ ಮೊದಲು ಸ್ಯಾಮ್ಸನ್ ಬಂದ, ಆಮೇಲೆ ಜೂನೋ, ಕಫೀ, ಬೆಲ್ಲಾ, ಐಸಾಕ್. ನಾನು ಬಂದದ್ದು ಹೋದ ವರ್ಷ. ನಾಲ್ವರ ಮುಖವನ್ನು ಆಗಲೇ ಮೊದಲು ನೋಡಿದೆ." ಕೆಳಗೆ ಸಹಿಯ ಜಾಗದಲ್ಲಿ, ಬರೆಯಲು ಬಾರದವರು ಹಾಕುವ ಕತ್ತರಿ ಗುರುತು.

ಆರ್ಲೀಥಾ ಮನೆಗೆ ಓಡಿಬಂದು ಒಡೆಸ್ಸಾಳ ಡಬ್ಬಿ ತೆರೆದಳು. ಸಾವಿರದ ಎಂಟುನೂರ ಎಪ್ಪತ್ತರ ಜನಗಣತಿಯ ನಕಲು ಅದರೊಳಗೇ ಇತ್ತು. ಸ್ಯಾಮ್ಸನ್, ವಯಸ್ಸು ಹದಿನೈದು. ಪಕ್ಕದಲ್ಲಿ ಒಡೆಸ್ಸಾಳ ಪೆನ್ಸಿಲ್ ಅಕ್ಷರ: "ಗುಮಾಸ್ತನ ತಪ್ಪು!"

ಚಪ್ಪಾಳೆ ತಟ್ಟಿ ಎಣಿಸುತ್ತಿದ್ದದ್ದು ಹುಟ್ಟಿದ ಸಾಲನ್ನಲ್ಲ. ಮನೆಗೆ ಮರಳಿದ ಸಾಲನ್ನು.

ಈಗ ಆರ್ಲೀಥಾಳಿಗೆ ನಿಜವಾದ ಕಷ್ಟ ಶುರುವಾಯಿತು. ಇದನ್ನು ಹೇಳಬೇಕು. ಹೇಳದಿದ್ದರೆ ಇನ್ನೊಬ್ಬರ ಕೋಟನ್ನು ತಿಳಿದೂ ತಿಳಿದೂ ಕೊಟ್ಟ ಹಾಗೆ. ಹೇಳಿದರೆ? ಕಾಗದಪತ್ರದ ಕೆಲಸ ಸಿಕ್ಕಿ ವರ್ಷ ತುಂಬಿಲ್ಲ, ಆಗಲೇ ಹಳದಿ ಅಂಗಿಯವಳು ಎದ್ದುನಿಂತು ಹಳದಿಯವರೇ ಹಿರಿಯರು ಎನ್ನುತ್ತಾಳೆ. ಏಡಿಗೋಸ್ಕರ ಮಾಡಿದಳು ಎಂದು ಜನ ಆಡಿಕೊಳ್ಳುವುದಿಲ್ಲವೆ? ಮುಂದೆ ಅವಳು ಹೇಳಿದ ಯಾವ ಮಾತನ್ನಾದರೂ ನಂಬುತ್ತಾರೆಯೆ? ಡಬ್ಬಿಯನ್ನು ಕಿತ್ತುಕೊಂಡರೆ? ಹದಿನಾಲ್ಕು ಸಲ ಭಾಷಣ ಬರೆದಳು. ಎಂಟನೆಯದರಲ್ಲಿ ಏಡಿಗಳ ಕ್ಷಮೆಯನ್ನೂ ಕೇಳಿದ್ದಳು.

ಕೂಟದ ದಿನ ವ್ಯಾನಿನಲ್ಲಿ, ಕೋಳಿಯ ಕಾಲು ಕೈಯಲ್ಲಿ ಹಿಡಿದು, ಚಿಕ್ಕಪ್ಪನ ಮಗ ಕ್ಲೀವನ್‌ಗೆ ಹೇಳಿಬಿಟ್ಟಳು. ಅವನು ಲಾರಿ ಓಡಿಸುವವನು. ಗಂಟಲೂ ಲಾರಿಯದೇ.

"ಏನಂದೆ ಅಕ್ಕಾ? ನಾವು ಹಿರೀರಾ? ಅಂದ್ರೆ ಸಾಲಲ್ಲಿ ಮುಂದೆ?"

"ನಾನು ಹಂಗಂದ್ನಾ? ಡಾರ್ಕಸಜ್ಜಿ ಹಿರಿ ಮಗಳು ಅಂದೆ ಅಷ್ಟೇ."

"ಅದೇ ಏಡಿ ಕಣಕ್ಕಾ! ನಲವತ್ತೇಳು ವರ್ಷ ಆ ಸೇಬಿನ ಸಲಾಡ್ ತಿಂದಿದೀನಿ ನಾನು!"

"ಕ್ಲೀವನ್, ನಿನ್ ಕೈ ಮುಗೀತೀನಿ, ನಾನು ಹೇಳೋವರೆಗೂ ಬಾಯಿ ಮುಚ್ಕೊಂಡಿರು. ಆ ಕೋಳೀನಾದ್ರೂ ತಿನ್ನು."

ಅವನು ಖುಷಿಗೆ ಎರಡು ತುಂಡು ಹೆಚ್ಚಿಗೇ ತಿಂದ. ಅವಳು ಗಾಬರಿಗೆ ಮೂರು ಹೆಚ್ಚು ತಿಂದಳು. ಹೆದರಿದಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಚರ್ಚಿನ ಹಿಂದಿನ ಓಕ್ ಮರಗಳ ಕೆಳಗೆ ನೂರ ಎಂಬತ್ತು ಜನ ಸೇರಿದ್ದರು. ಉದ್ದನೆಯ ಮೇಜುಗಳ ಮೇಲೆ ಕೆಂಪನ್ನ, ಸಿಗಡಿ, ಬೆಂಡೆಕಾಯಿ ಹುಳಿ, ನಡುವೆ ಎರಡು ತೊಟ್ಟಿ ತುಂಬ ಬೇಯಿಸಿದ ಏಡಿ. ನೀಲಿ ಅಂಗಿಯ ಹೆಜೆಕಾಯ ಇಕ್ಕಳ ಹಿಡಿದು ಅದರ ಕಾವಲಿಗೆ ನಿಂತಿದ್ದ. ನಿವೃತ್ತ ಮುಖ್ಯೋಪಾಧ್ಯಾಯ. ಅವನೆದುರು ಜನ ಈಗಲೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಎಲ್ಲರ ಮುಂದೆ ಅವನ ಮರ್ಯಾದೆ ಹೋಗಬಾರದೆಂದು ಆರ್ಲೀಥಾ ಮೊದಲು ಅವನನ್ನೇ ಪಕ್ಕಕ್ಕೆ ಕರೆದಳು. ಮೂರು ಕಾಗದ, ಜೊತೆಗೆ ಜನಗಣತಿಯ ನಕಲು ತೋರಿಸಿದಳು. ಅವನು ಕನ್ನಡಕ ಏರಿಸಿ ಓದಿದ, ಇಳಿಸಿ ಅವಳನ್ನು ನೋಡಿದ.

"ಅಲ್ಲ ತಂಗೀ, ಎರಡು ಏಡಿಗೋಸ್ಕರ ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗಿದೀಯಲ್ಲ! ನನ್ನ ಕೇಳಿದ್ರೆ ಎತ್ತಿಟ್ಟಿರ್ತಿರ್ಲಿಲ್ವಾ?"

"ಅಣ್ಣಾ, ಏಡಿಗಲ್ಲ..."

"ನಿಮ್ಮ ರಾತ್ರಿ ಸ್ಕೂಲಲ್ಲಿ ಇದನ್ನೇ ಹೇಳ್ಕೊಡ್ತಾರಾ? ಸ್ಯಾಮ್ಸನ್ ತಾತ ಹದಿನೈದು ವರ್ಷದ ಹುಡುಗ ಅಂತೆ! ಗುಮಾಸ್ತ ತಪ್ಪು ಬರ್ದಿದಾನೆ ಅಂತ ಒಡೆಸ್ಸಾ ಬರ್ದಿಟ್ಟಿಲ್ವಾ?"

"ಒಬ್ಬ ಗುಮಾಸ್ತ ತಪ್ಪಿರಬಹುದು ಅಣ್ಣಾ. ನಾಲ್ಕು ಜನ ಗುಮಾಸ್ತರು ಸೇರ್ಕೊಂಡು ನಮ್ಮನೆ ಮೇಲೇ ಸಂಚು ಮಾಡ್ತಾರಾ?"

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಹೆಜೆಕಾಯ ತುಟಿ ಬಿಗಿದ. "ಊಟಕ್ಕೆ ಮುಂಚೆ ಕಾಗದಪತ್ರದ ವರದಿ ಓದೋಕೆ ನಿಂಗೆ ಎರಡು ನಿಮಿಷ ಇದೆ. ಏನು ಬೇಕೋ ಓದ್ಕೊ. ಜನ ನಗ್ತಾರೆ, ನಾನು ಜವಾಬ್ದಾರಿ ಅಲ್ಲ."

ಊಟಕ್ಕೆ ಮುಂಚೆ ಇನ್ನೊಂದು ಶಾಸ್ತ್ರವಿತ್ತು. ಪ್ರಾರ್ಥನೆಗೂ ಮೊದಲು, ಯಾರೂ ಮುಟ್ಟುವ ಮೊದಲು, ಎಲ್ಲ ಪದಾರ್ಥದಲ್ಲೂ ಒಂದಿಷ್ಟು ಬಡಿಸಿದ ಒಂದು ತಟ್ಟೆಯನ್ನು ಮುಚ್ಚಿ ಮೇಜಿನ ತುದಿಯಲ್ಲಿ ಇಡಬೇಕು. ನೀಲಿ ಕಡೆಯ ವಾಷ್ಟಿ ಅಜ್ಜಿ, ತೊಂಬತ್ನಾಲ್ಕು ವರ್ಷದವಳು, ಸ್ಯಾಮ್ಸನ್‌ನ ಸ್ವಂತ ಮೊಮ್ಮಗಳು, ಗಾಲಿಕುರ್ಚಿಯಲ್ಲಿ ಕೂತೇ ಅದನ್ನು ಮುಚ್ಚುತ್ತಿದ್ದಳು. ಅದು ತಡವಾಗಿ ಬರುವ ಪಾದ್ರಿಗಳಿಗೆ ಎಂದು ಎಲ್ಲರೂ ತಿಳಿದಿದ್ದರು. ಟಿಸ್‌ಡೇಲ್ ಪಾದ್ರಿಗಳು ಪ್ರತಿ ವರ್ಷ ತಡವಾಗಿಯೇ ಬರುತ್ತಿದ್ದರು, ಪ್ರತಿ ವರ್ಷ ಅದನ್ನು ತಿನ್ನುತ್ತಿದ್ದರು. ಈ ವರ್ಷ ಮಾತ್ರ ಅವರ ಹೊಸ ಹೆಂಡತಿ ಕಾರು ಓಡಿಸಿದ್ದರಿಂದ ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ಪ್ರಾರ್ಥನೆ ಚಿಕ್ಕದಾಗಿ ಮುಗಿಸಿ, ತಟ್ಟೆಯ ಮುಂದೆ ಕೂತು, ಮುಚ್ಚಿದ್ದ ಬೆಳ್ಳಿ ಬಣ್ಣದ ಹಾಳೆಯನ್ನು ಸರಿಸಿ, ವರದಿ ಕೇಳುತ್ತ ಕೇಳುತ್ತ ಒಂದು ಏಡಿ ಮುರಿದಿದ್ದರು.

ಆರ್ಲೀಥಾ ಹದಿನಾಲ್ಕನೆಯ ಭಾಷಣವನ್ನು ಕೈಚೀಲದಲ್ಲಿ ಹುಡುಕಿದಳು. ಕೋಳಿಯ ಎಣ್ಣೆ ಹತ್ತಿ ಅಕ್ಷರ ಹರಡಿತ್ತು. ಅದನ್ನು ಮಡಿಸಿಟ್ಟು, ಮೂರು ಕಾಗದಗಳನ್ನೇ ಒಂದರ ನಂತರ ಒಂದು ಓದಿದಳು. ಹಂಡೆಯ ಕೆಳಗಿನ ಹೆಸರು. ಒಂಬತ್ತು ವರ್ಷದ ಹುಡುಗಿ. ಆಮೇಲೆ ಬ್ಯಾಂಕಿನ ಪುಸ್ತಕ. "ನಾಲ್ವರ ಮುಖವನ್ನು ಆಗಲೇ ಮೊದಲು ನೋಡಿದೆ" ಎನ್ನುವಲ್ಲಿ ಅವಳ ದನಿ ಒಡೆಯಿತು. ಅಳುಕಿನಿಂದಲೋ, ಅಳುವಿನಿಂದಲೋ ಅವಳಿಗೇ ತಿಳಿಯಲಿಲ್ಲ.

ಮೊದಲು ಕೇಳಿಸಿದ್ದು ಕ್ಲೀವನ್‌ನ ಗಂಟಲು: "ಅಂದ್ರೆ ನಾವೇ ಮೊದ್ಲು!"

ಅಲ್ಲಿಂದ ಸಂತೆಯಾಯಿತು.

"ಬಂತಲ್ಲಪ್ಪಾ, ಹೊಟ್ಟೆ ಮಾತು ಬಾಯಿಗೆ!" ಎಂದ ಕೆಂಪು ಅಂಗಿಯವನೊಬ್ಬ.

"ಹಂಗಾದ್ರೆ ಸಾಲು ತಿರುಗಿಸಿದ್ರೆ ಐಸಾಕ್ ಎರಡನೇವ್ನಾ? ನಾವು ಎರಡನೇವ್ರಾ?" ಕೇಸರಿ ಕಡೆಯವರಿಗೆ ಒಮ್ಮೆಲೇ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು.

"ಅಂಗಿ ಎಲ್ಲ ಅಚ್ಚು ಹಾಕ್ಸಿ ಆಗಿದೆ, ಈಗ ಬಂದು ಹೇಳ್ತಾಳೆ!" ಎಂದಳು ಅಂಗಿ ಹೊಲಿಸಿದವಳು.

"ಹಿರೀತನ ಅನ್ನೋದು ಒಂದು ಶಿಸ್ತು," ಎಂದು ಹೆಜೆಕಾಯ ಇಕ್ಕಳವನ್ನು ಬೆತ್ತದ ಹಾಗೆ ಮೇಲೆತ್ತಿದ. "ನಾಳೆ ಯಾರೋ ಇನ್ನೊಂದು ಕಾಗದ ತರ್ತಾರೆ, ನಾಡಿದ್ದು..."

"ಹೆಜೆಕಾಯ, ಆ ಇಕ್ಕಳ ಇಳ್ಸು," ಎಂದಳು ವಾಷ್ಟಿ ಅಜ್ಜಿ.

ಅವನು ಇಳಿಸಿದ. ಅಜ್ಜಿ ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆರ್ಲೀಥಾಳನ್ನು ನೋಡಿದಳು. "ಇನ್ನೊಂದ್ಸಲ ಓದು ಮಗಾ. ಆ ಕೊನೇದು. ಯಾವಾಗ ಬಂದೆ ಅಂದ್ಳು ಅವಳು?"

"ಬಿಡುಗಡೆಯಾಗಿ ನಾಲ್ಕು ವರ್ಷ ಆದ್ಮೇಲೆ, ಅಜ್ಜಿ. ಎಲ್ಲರ ಕೊನೇಗೆ."

"ನಮ್ಮಜ್ಜಿ, ಸ್ಯಾಮ್ಸನ್ ತಾತನ ಹೆಂಡ್ತಿ, ಊಟಕ್ಕೆ ಮುಂಚೆ ದಿನಾ ಒಂದು ತಟ್ಟೆ ಮುಚ್ಚಿಡೋಳು. ಅವಳ ಅತ್ತೆ ಹೇಗರ್ ಕಲ್ಸಿದ್ದಂತೆ. ನಾನು ಚಿಕ್ಕೋಳು, ಹಸಿವು. ಯಾರಿಗಜ್ಜಿ ಇದು, ನಾನು ತಿನ್ಲಾ ಅಂದೆ. ಕೈ ಮೇಲೆ ಹೊಡೆದ್ಲು. ದಾರೀಲಿರೋಳಿಗೆ ಕಣೇ ಅದು, ಅಂದ್ಲು." ಅಜ್ಜಿ ಉಸಿರು ತೆಗೆದುಕೊಂಡಳು. "ಎಂಬತ್ತು ವರ್ಷ ನಾನು ಮುಚ್ಚಿಟ್ಟೆ. ದಾರೀಲಿರೋಳು ಯಾರು ಅಂತ ಇವತ್ತು ಗೊತ್ತಾಯ್ತು."

ನೂರ ಎಂಬತ್ತು ತಲೆಗಳು ನಿಧಾನವಾಗಿ ಮೇಜಿನ ತುದಿಗೆ ತಿರುಗಿದವು.

ಟಿಸ್‌ಡೇಲ್ ಪಾದ್ರಿಗಳ ಬಾಯಿ ತುಂಬಿತ್ತು. ಅವರು ಅಗಿಯುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಏಡಿಯ ಕಾಲನ್ನು ಸದ್ದಾಗದಂತೆ ತಟ್ಟೆಗೆ ಹಿಂದಿರುಗಿಸಿದರು. ಬೆಳ್ಳಿ ಹಾಳೆಯನ್ನು ಮೇಲೆಳೆದು ಅಂಚುಗಳನ್ನು ಒಂದೊಂದಾಗಿ ಒತ್ತಿ ಮುಚ್ಚಿದರು.

"ಮೂವತ್ತೊಂದು ವರ್ಷ ತಿಂದ್ರು," ಎಂದಳು ಅವರ ಹೊಸ ಹೆಂಡತಿ, ಯಾರಿಗೂ ಅಲ್ಲ ಎನ್ನುವಂತೆ.

"ನಂಗೇನು ಗೊತ್ತಮ್ಮಾ," ಎಂದರು ಪಾದ್ರಿಗಳು ಸಣ್ಣಗೆ, "ನಾನೂ ದಾರೀಲೇ ಇರ್ತಿದ್ದೆ."

ಮೊದಲು ನಕ್ಕವಳು ಕ್ಲಿಯೋಥಾ ಅತ್ತಿಗೆ. ಆಮೇಲೆ ಓಕ್ ಮರಗಳ ಕೆಳಗೆ ನಗದವರು ಉಳಿಯಲಿಲ್ಲ, ಹೆಜೆಕಾಯನೊಬ್ಬನ ಹೊರತು. ಅವನು ಏಡಿಯ ತೊಟ್ಟಿಯನ್ನೇ ನೋಡುತ್ತ ನಿಂತಿದ್ದ. ಅರವತ್ತೆಂಟು ವರ್ಷ ಹಿರಿಯ ಮನೆಯವನಾಗಿದ್ದವನು ಅರ್ಧ ಗಂಟೆಯಲ್ಲಿ ಕಿರಿಯವನಾಗಿದ್ದ. ಆರ್ಲೀಥಾಳಿಗೆ ಅವನನ್ನು ನೋಡಿ ಸಂಕಟವಾಯಿತು. ಹತ್ತಿರ ಹೋಗಿ, "ಅಣ್ಣಾ, ಸ್ಯಾಮ್ಸನ್ ತಾತ ಒಬ್ಬನೇ ಹತ್ತು ವರ್ಷದ ಹುಡುಗ ಎಲ್ಲರಿಗಿಂತ ಮೊದಲು ಅಮ್ಮನ ಹತ್ರ ಓಡಿಬಂದ. ಅದೂ ಸಣ್ಣ ಮಾತಲ್ಲ," ಎಂದಳು.

"ಹತ್ತು ವರ್ಷದೋನು," ಎಂದ ಹೆಜೆಕಾಯ. "ಒಬ್ಬನೇ." ಆಮೇಲೆ ಗಂಟಲು ಸರಿಮಾಡಿಕೊಂಡು, ಶಾಲೆಯ ಅಂಗಳಕ್ಕೆಲ್ಲ ಕೇಳಿಸುವ ತನ್ನ ಹಳೆಯ ದನಿಯಲ್ಲಿ ಕೂಗಿದ: "ಹಳದಿ ಅಂಗಿಯವ್ರು! ಮುಂದೆ ಬನ್ನಿ! ಸಾಲಾಗಿ!"

ಜನ ಸರಿದು ದಾರಿ ಬಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು. ಹಳದಿ ಅಂಗಿಯ ಏಳು ಜನ ಹುಟ್ಟಿದ ಮೇಲೆ ಮೊದಲ ಬಾರಿಗೆ ಮೇಜಿನ ತಲೆಗೆ ಬಂದು ನಿಂತರು. ಆಗ ಆರ್ಲೀಥಾಳಿಗೆ ಹೊಟ್ಟೆಯೊಳಗಿನ ಕೋಳಿ ನೆನಪಾಯಿತು. ಉಳಿದ ಆರು ಮುಖಗಳನ್ನು ನೋಡಿದಳು. ಅವರಿಗೂ ನೆನಪಾಗಿತ್ತು. ಕ್ಲೀವನ್ ಸೊಂಟದ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿಕೊಳ್ಳುತ್ತಿದ್ದ.

ಹೆಜೆಕಾಯ ಇಕ್ಕಳದಿಂದ ಅವಳ ತಟ್ಟೆಗೆ ಒಂದು ಏಡಿ ಹಾಕಿದ. ಇನ್ನೊಂದು. ಮತ್ತೊಂದು. ಪ್ರೀತಿಯೋ, ಸೇಡೋ, ಅವನ ಮುಖದಿಂದ ಹೇಳುವುದು ಕಷ್ಟವಿತ್ತು. "ತಿನ್ನು ತಂಗೀ. ಸಂಕೋಚ ಬೇಡ. ಎಲ್ರೂ ನೋಡ್ತಿದಾರೆ." ಆರನೆಯದನ್ನು ಜಾರದಂತೆ ಇನ್ನುಳಿದವುಗಳ ಮೇಲೆ ಕೂರಿಸಿದ.

ಆರ್ಲೀಥಾ ಒಂದು ಕಾಲು ಮುರಿದು ಬಾಯಿಯ ಹತ್ತಿರ ತಂದಳು. ಕೆಳಗಿಟ್ಟಳು. ಮತ್ತೆ ಎತ್ತಿದಳು.

"ಯಾಕೆ ಮಗಾ, ಉಪ್ಪು ಕಡಿಮೆಯಾ?" ಎಂದಳು ವಾಷ್ಟಿ ಅಜ್ಜಿ.

ಒಂದು ಸಣ್ಣ ಸುಳ್ಳು ಸಾಕಿತ್ತು. ಹೊಟ್ಟೆನೋವು ಎನ್ನಬಹುದಿತ್ತು. ಆದರೆ ಈಗ ತಾನೇ ಇಷ್ಟು ಜನರ ಎದುರು ಮೂರು ಕಾಗದ ಓದಿ, ಇದು ನಿಜ, ನನ್ನನ್ನು ನಂಬಿ ಎಂದಿದ್ದಳಲ್ಲ.

"ಅಜ್ಜಿ, ನಾವು ದಾರೀಲಿ ಕೋಳಿ ತಿಂದ್ಕೊಂಡು ಬಂದಿದೀವಿ."

"ಇವತ್ತಾ?"

"ಇವತ್ತೂ." ಆರ್ಲೀಥಾ ಕಣ್ಣು ಮುಚ್ಚಿಕೊಂಡಳು. "ಇಪ್ಪತ್ತೆರಡು ವರ್ಷದಿಂದ. ಇಲ್ಲಿಗೆ ಬಂದ್ರೆ ಏನೂ ಉಳಿದಿರಲ್ಲ ಅಂತ."

"ಅಕ್ಕಾ!" ಎಂದು ನರಳಿದ ಕ್ಲೀವನ್.

ಈ ಸಲ ಯಾರೂ ಬೇಗ ನಗಲಿಲ್ಲ. ನೀಲಿ ಅಂಗಿಯವರಲ್ಲಿ ಕೆಲವರು ನೆಲ ನೋಡಿದರು. "ಸಲಾಡ್ ಉಳಿದಿರ್ತಿತ್ತಲ್ಲ?" ಎಂದಳು ಕ್ಲಿಯೋಥಾ ಅತ್ತಿಗೆ ನೊಂದ ದನಿಯಲ್ಲಿ.

ವಾಷ್ಟಿ ಅಜ್ಜಿ ಬೆಳ್ಳಿ ಹಾಳೆಯ ಸುರುಳಿಯನ್ನು ತರಿಸಿಕೊಂಡಳು. ಒಂದು ತುಂಡು ಹರಿದು ಆರ್ಲೀಥಾಳ ಕೈಗೆ ಕೊಟ್ಟಳು. "ಮುಚ್ಚಿಡು. ಹಸಿವಾದಾಗ ತಿನ್ನು. ಯಾರೂ ಮುಟ್ಟಲ್ಲ."

ಹೀಗೆ ಆ ವರ್ಷವೂ ಮೊದಲು ಏಡಿ ತಿಂದವರು ನೀಲಿ ಅಂಗಿಯವರೇ. ಆದರೆ ಮೇಜಿನ ತುದಿಯಲ್ಲಿ ಬೆಳ್ಳಿ ಹಾಳೆ ಹೊದ್ದ ಏಳು ತಟ್ಟೆಗಳು ಸಾಲಾಗಿ ಕೂತಿದ್ದವು, ಪಾದ್ರಿಗಳು ಅರ್ಧ ತಿಂದಿದ್ದದ್ದು ಬೇರೆ. ಮಧ್ಯಾಹ್ನ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿ ಎಣಿಸುತ್ತ ಓಡಾಡಿದವು. ಒಂದು ಸ್ಯಾಮ್ಸನ್, ಎರಡು ಜೂನೋ. ಅದನ್ನು ಬದಲಿಸಬೇಕೇ ಎಂದು ಯಾರೋ ಕೇಳಿದಾಗ ಆರ್ಲೀಥಾ, "ಬೇಡ, ಎಣಿಕೆ ಸರಿಯಾಗೇ ಇದೆ," ಎಂದಳು. ಬಿಸ್ಕತ್ತಿನ ಡಬ್ಬಿಯಿಂದ ಜನಗಣತಿಯ ನಕಲು ತೆಗೆದು, ಒಡೆಸ್ಸಾಳ ಪೆನ್ಸಿಲ್ ಬರಹದ ಕೆಳಗೆ ತಾನೂ ಪೆನ್ಸಿಲ್‌ನಲ್ಲೇ ಬರೆದಳು: "ತಪ್ಪಲ್ಲ."

ನಾಲ್ಕು ಗಂಟೆಯ ಹೊತ್ತಿಗೆ ಟಿಸ್‌ಡೇಲ್ ಪಾದ್ರಿಗಳು ಮೆಲ್ಲಗೆ ಬಂದು ಅವಳ ಪಕ್ಕ ನಿಂತರು. ಆಕಾಶ ನೋಡಿದರು, ಮರ ನೋಡಿದರು, ಆಮೇಲೆ ತಾವು ಅರ್ಧ ತಿಂದು ಮುಚ್ಚಿಟ್ಟ ತಟ್ಟೆ ನೋಡಿದರು.

"ಆರ್ಲೀಥಮ್ಮಾ, ಅದನ್ನ ಯಾರಾದ್ರೂ ತಿಂತಾರಾ? ಸುಮ್ನೆ ಹಾಳಾಗತ್ತೆ ಅಂತ ಕೇಳ್ದೆ."

"ತಿಂತಾರೆ ಪಾದ್ರಿಗಳೇ," ಎಂದಳು ಆರ್ಲೀಥಾ, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು. "ದಾರೀಲಿದ್ದೋಳು ಬಂದಿದಾಳಲ್ಲ."